ಚಿನ್ನದ ಗಣಿಯಲ್ಲಿ ಗುಂಡಿ ಮುಚ್ಚುವ ವರ

ತೊಂಬತ್ತರ ದಶಕದಲ್ಲಿ ನಾನು ರಾಯಚೂರು ಕಡೆಯ ಚಿನ್ನದ ಗಣಿಯೊಂದರಲ್ಲಿ ಎಂಜಿನಿಯರ್. ದಿನವೂ ಸಂಜೆ ನಾನು ಚಿನ್ನದ ಧೂಳು ಒದರಿಕೊಂಡು ಕ್ವಾರ್ಟರ್ಸಿಗೆ ಮರಳುತ್ತೇನೆಂದು ಬೆಂಗಳೂರಿನಲ್ಲಿ, ಹಲಸೂರಿನ ನಮ್ಮ ಬೀದಿ ನಂಬಿತ್ತು. ನಿಜದಲ್ಲಿ ನನ್ನದು ತುಂಬುವ ವಿಭಾಗ. ಅದಿರು ತೆಗೆದ ಮೇಲೆ ನೆಲದಡಿ ಉಳಿಯುವ ಪೊಳ್ಳಿಗೆ, ಚಿನ್ನ ಸೋಸಿ ಮಿಕ್ಕ ಬೂದು ಮರಳನ್ನು ಸಿಮೆಂಟು, ನೀರಿನ ಜೊತೆ ಕಲಸಿ ಪೈಪಿನಲ್ಲಿ ಇಳಿಸುತ್ತಿದ್ದೆವು.

ಹೆಣ್ಣು ನೋಡಲು ಹೊರಮಾವಿಗೆ ಹೋದೆವು. ಹುಡುಗಿಯ ತಂದೆ ರಾಗಿ ಹೊಲವನ್ನು ಸೈಟು ಮಾಡಿ ಮಾರಿದ್ದರು; ಅವರ ಬೆರಳುಗಳಲ್ಲಿ ಉಂಗುರಕ್ಕೆ ಜಾಗ ಉಳಿದಿರಲಿಲ್ಲ.

"ದಿನಕ್ಕೆ ಎಷ್ಟು ಚಿನ್ನ ತೆಗೀತೀರಾ?" ಎಂದರು.

"ನಾನು ತೆಗೆಯಲ್ಲ ಸಾರ್. ತೆಗೆದ ಗುಂಡಿ ಮುಚ್ತೀನಿ."

ಅಮ್ಮ ನನ್ನ ತೊಡೆ ಚಿವುಟಿದರು. ಹುಡುಗಿಯ ತಂದೆ ಗಂಭೀರವಾಗಿ ಕೇಳಿದರು, "ರಸ್ತೆ ಗುಂಡಿ ಮುಚ್ತಾರಲ್ಲ, ಹಂಗಾ?"

ವಿಭಾಗದ ಮರ್ಯಾದೆಯ ಪ್ರಶ್ನೆ. ತಟ್ಟೆಯಲ್ಲಿದ್ದ ಕೇಸರಿಬಾತಿನ ನಡುವಿನಿಂದ ಒಂದು ಚಮಚ ತೆಗೆದು ತಿಂದೆ. ಪಕ್ಕದ ಕೇಸರಿಬಾತಿನ ಗೋಡೆ ಕುಸಿಯತೊಡಗಿತು. ಆ ಗುಂಡಿಗೆ ಉಪ್ಪಿಟ್ಟನ್ನು ಚಟ್ನಿಯಲ್ಲಿ ಕಲಸಿ ತುಂಬಿ, "ಇದು ಗಟ್ಟಿಯಾದ್ರೆ ಪಕ್ಕದ್ದನ್ನೂ ಧೈರ್ಯವಾಗಿ ತೆಗೀಬಹುದು" ಎಂದೆ.

"ಅಂದ್ರೆ ಕೇಸರಿಬಾತು ಬೇರೆಯವ್ರು ತಿಂತಾರೆ, ನೀವು ಉಪ್ಪಿಟ್ಟು ತುಂಬ್ತೀರಾ" ಎಂದರು ಅವರು, ನಿಜವಾದ ಕನಿಕರದಿಂದ.

ಬಾಗಿಲ ಬಳಿ ನಿಂತಿದ್ದ ಹುಡುಗಿ ಮೊದಲ ಸಲ ಬಾಯಿಬಿಟ್ಟಳು. "ಗಟ್ಟಿಯಾಗೋಕೆ ಎಷ್ಟು ದಿನ ಬೇಕು?"

"ಕೆಲವು ವಾರ. ಅವಸರ ಮಾಡಿದ್ರೆ ಕೆಳಗೆ ಕಟ್ಟಿರೋ ತಡೆಗೋಡೆ ಒಡೆದು ಕೆಸರೆಲ್ಲ ಹೊರಗೆ ನುಗ್ಗುತ್ತೆ."

"ಹಾಗಾದ್ರೆ ನಂಗೂ ಕೆಲವು ವಾರ ಕೊಡಿ. ಆಮೇಲೆ ಹೇಳ್ತೀನಿ."

ಅಷ್ಟು ಹೊತ್ತಿಗೆ ಎರಡೂ ಕಡೆಯ ಹಿರಿಯರು ಮುಹೂರ್ತಕ್ಕೆ ಪಂಚಾಂಗ ತೆರೆದಿದ್ದರು; ಸದ್ದಿಲ್ಲದೆ ಮುಚ್ಚಿದರು. ನನಗೆ ಮಾತ್ರ ಆ ವಾರಗಳಲ್ಲಿ ಯಾವ ಪೈಪಿನಲ್ಲಿ ಏನು ಹರಿಯುತ್ತಿದೆ ಎಂಬ ಗಮನವೇ ಇರಲಿಲ್ಲ. ಕೊನೆಗೆ ಒಪ್ಪಿಗೆ ಬಂತು.

ಮದುವೆಯಲ್ಲಿ ಮಾವ ನನ್ನನ್ನು ಎಲ್ಲರಿಗೂ "ಗೋಲ್ಡ್ ಮೈನ್ ಆಫೀಸರ್" ಎಂದೇ ಪರಿಚಯಿಸಿದರು. ನಾಲ್ಕಾರು ನೆಂಟರು ಪಕ್ಕಕ್ಕೆ ಕರೆದು, ಗಣಿಯಲ್ಲಿ ಒಡವೆ ಅಗ್ಗವಾಗಿ ಸಿಗುತ್ತದೆಯೇ ಎಂದು ಪಿಸುಗುಟ್ಟಿದರು.

ಹೆಂಡತಿ ಗಣಿಗೆ ಬಂದ ಮೊದಲ ತಿಂಗಳು, ಮಿಶ್ರಣ ತಯಾರಾಗುವ ಜಾಗ ತೋರಿಸಿದೆ. ತೊಟ್ಟಿಯಲ್ಲಿ ಬೂದು ಕೆಸರು ಗಿರಗಿರ ತಿರುಗುತ್ತಿತ್ತು. ಬಗ್ಗಿ ನೋಡಿ ಹೇಳಿದಳು:

"ಅಪ್ಪನ್ನ ಮಾತ್ರ ಇಲ್ಲಿಗೆ ಕರ್ಕೊಂಡು ಬರ್ಬೇಡಿ."