ಗಂಟೆಗೆ, ಅಡಿಗೆ, ಡಿಗ್ರಿಗೆ

ಗೆಳೆಯರೇ, ಕನ್ನಡ ಬಿ.ಎ. ಮಾಡಿದವನು ವಿಜ್ಞಾನ ಕಲಿಸಬಾರದು. ನಮ್ಮ ಪುತ್ತೂರಿನ ಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕರು ರಜೆ. ಅವರ ಬದಲಿಗೆ ನನ್ನನ್ನು ಇಟ್ಟುಕೊಳ್ಳಬಹುದೋ ಎಂದು ನೋಡಲು ಇವತ್ತು ಮುಖ್ಯೋಪಾಧ್ಯಾಯರು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಹಳೆಯ ಇಂಗ್ಲಿಷ್ ಪುಸ್ತಕ ನೋಡಿಕೊಂಡು, ಬೋರ್ಡಿನ ಮೇಲೆ ಬರೆದೆ: "ತಾಮ್ರದ ಉಷ್ಣವಾಹಕತೆ ಗಂಟೆಗೆ, ಅಡಿಗೆ, ಡಿಗ್ರಿಗೆ 222 ಬಿ.ಟಿ.ಯು." ಬಿ.ಟಿ.ಯು. ಎಂದರೆ ಬಿಸಿಯನ್ನು ಅಳೆಯುವ ಹಳೆಯ ಇಂಗ್ಲಿಷ್ ಮಾನ.

ಕಾಣಿಯೂರಿನ ಲಲಿತಾ ಎದ್ದಳು. "ಮಾಷ್ಟ್ರೇ, ಅಡಿಗೆಗೆ ಇಷ್ಟಾದ್ರೆ ಸ್ನಾನದ ಹಂಡೆಗೆ ಎಷ್ಟು ಉಂಟು?"

ತರಗತಿಯೆಲ್ಲ ನಕ್ಕಿತು. ನಾನು ಬರೆದದ್ದು ಫೂಟಿನ ಅಡಿ, ಅವಳು ಓದಿದ್ದು ಒಲೆಯ ಮೇಲಿನ ಅಡಿಗೆ. ಎಲ್ಲ ಅಳಿಸಿ, ಗಡಿಬಿಡಿಯಲ್ಲಿ ಹೊಸ ಮೆಟ್ರಿಕ್ ಅಳತೆಗೆ ತಿರುಗಿಸಿದೆ: "ಸೆಕೆಂಡಿಗೆ, ಸೆಂಟಿಮೀಟರಿಗೆ, ಡಿಗ್ರಿಗೆ 0.92 ಕ್ಯಾಲೊರಿ."

"ಇನ್ನೂರ ಇಪ್ಪತ್ತೆರಡು ಇದ್ದದ್ದು ಈಗ ಒಂದೂ ಇಲ್ವಾ? ಉಳಿದ ಬಿಸಿ ಎಲ್ಲಿಗೆ ಹೋಯ್ತು ಮಾಷ್ಟ್ರೇ?" ಎಂದಳು ಲಲಿತಾ.

"ಎಲ್ಲಿಗೂ ಹೋಗಲಿಲ್ಲ. ಬಿಸಿ ಅದೇ, ಅಳತೆ ಬೇರೆ," ಎಂದೆ. ಆ ಬಿಸಿಯೆಲ್ಲ ನನ್ನ ಕಿವಿಯಲ್ಲಿತ್ತು.

ಮುಖ್ಯೋಪಾಧ್ಯಾಯರು ಎದ್ದರು. "ನಾಳೆಯೂ ಬನ್ನಿ ಮಾರಾಯ್ರೆ. ಅಡಿಗೆ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ."

ಕೆಲಸ ಸಿಕ್ಕಿತು, ಆದರೂ ಮನೆಗೆ ಬಂದ ಮೇಲೂ ನಾಚಿಕೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಈಗಷ್ಟೇ ಅಮ್ಮ, "ಅಡಿಗೆ ಎಂತ ಮಾಡುದು?" ಎಂದು ಕೇಳಿ ಹೋದರು. ಅವರಾದರೂ ಸೆಂಟಿಮೀಟರಿನಲ್ಲಿ ಕೇಳಬಾರದಿತ್ತೇ?