ಬೆರಿಲ್ ಅಪ್ಪಣೆ ಕೇಳದ ಹಾದಿ

ಬೆರಿಲ್ ಸ್ಟಿಕ್‌ಲ್ಯಾಂಡ್ ತೀರಿಕೊಂಡದ್ದು ಫೆಬ್ರವರಿಯಲ್ಲಿ, ಬೆಳಗಿನ ಚಹಾ ಬಗ್ಗಿಸುತ್ತ ನಿಂತಿದ್ದಾಗ. ಅವಳ ಗಂಡ ಲೆನ್‌ಗೆ ಕಣ್ಣು ಕಾಣುವುದಿಲ್ಲ. ಅವನಿಗೆ ಕೇಳಿಸಿದ್ದು ಬಸಿ ಬಿದ್ದು ಒಡೆದ ಸದ್ದು, ಅದರ ಬೆನ್ನಿಗೇ ಅವಳ ಕೊನೆಯ ಮಾತು: "ಅಯ್ಯೋ, ಕ್ಷಮಿಸು." ಬಸಿಗೆ ಹೇಳಿದಳೋ ತನಗೆ ಹೇಳಿದಳೋ ಅವನಿಗೆ ಈಗಲೂ ತಿಳಿಯದು.

ಕುರ್ಚಿಗೆ ಕಾಲು ತಗುಲಿದರೆ ಕುರ್ಚಿಯ ಕ್ಷಮೆ ಕೇಳುವ ಹೆಂಗಸು ಅವಳು. ಡಾರ್ಸೆಟ್ ಸೀಮೆಯ ವಿಂಟರ್‌ಕೂಂಬ್ ಎಂಬ ಆ ಸಣ್ಣ ಊರಿನ ಶಾಲೆಯಲ್ಲಿ ಅಡುಗೆ ಮಾಡಿಕೊಂಡಿದ್ದಳು. ಮಕ್ಕಳನ್ನು ಕೂಡ ಕೇಳಿಯೇ ಬಡಿಸುತ್ತಿದ್ದಳು. "ಇನ್ನೊಂದು ಸೌಟು ಕೋಸು ಹಾಕ್ಲೇನಪ್ಪಾ?" ಬೇಡ ಅಂದವರ ತಟ್ಟೆಗೆ ಹಾಕಿದವಳಲ್ಲ. ಊರಿನ ಅರ್ಧ ಜನ ಕೋಸಿನ ರುಚಿಯೇ ತಿಳಿಯದೆ ದೊಡ್ಡವರಾದದ್ದಕ್ಕೆ ತನ್ನ ಹೆಂಡತಿಯೇ ಕಾರಣ ಎಂದು ಲೆನ್ ಹೇಳಿ ನಗುತ್ತಿದ್ದ.

ಲೆನ್ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದವನು. ಐವತ್ತು ದಾಟುವ ಹೊತ್ತಿಗೆ ಕಣ್ಣು ಮಬ್ಬಾಯಿತು, ಆಮೇಲೆ ಪೂರ್ತಿ ಹೋಯಿತು. ಒಂದು ಚಳಿಗಾಲವಿಡೀ ಅವನು ಒಲೆಯ ಮುಂದಿನ ಕುರ್ಚಿ ಬಿಟ್ಟೇಳಲಿಲ್ಲ. ಬೆರಿಲ್ ಎಲ್ಲಿಂದಲೋ ಇಬ್ಬರು ತುಳಿಯುವ ಹಳೆಯ ಜೋಡಿ ಸೈಕಲ್ ತಂದು ಅಂಗಳದಲ್ಲಿ ನಿಲ್ಲಿಸಿದಳು.

"ಇಷ್ಟು ವರ್ಷ ನೀನು ಮುಂದೆ ಕೂತಿದ್ದು ಸಾಕು. ಈಗ ಹಿಂದೆ ಕೂತ್ಕೊಂಡು ಬಾಯಿ ಮುಚ್ಕೊಂಡು ತುಳಿ."

"ನಿಂಗೆ ಸೈಕಲ್ಲೇ ಬರಲ್ವಲ್ಲೇ!"

"ನಿಂಗೆ ಕಾಣಲ್ವಲ್ಲ, ಹೆದರಿಕೆ ಯಾಕೆ?"

ಊರಿನ ಚರ್ಚಿನ ಹಿಂದಿನಿಂದ ಡ್ರೋವ್ ಲೇನ್ ಎಂಬ ಕಲ್ಲುಹಾದಿಯೊಂದು ಗುಡ್ಡ ಹತ್ತಿ ಇಳಿದು, ಕಂಬಿ ಕಿತ್ತ ಹಳೆಯ ರೈಲುಹಾದಿಯನ್ನು ಸೇರುತ್ತಿತ್ತು. ಅಲ್ಲಿಂದ ಆಚೆ ಮೈಲಿಗಟ್ಟಲೆ ಜಲ್ಲಿ ಹಾದಿ. ಒಂದು ಕಾರು ಇಲ್ಲ, ಲಾರಿ ಇಲ್ಲ. ಲೆನ್ ಆ ದಾರಿಯನ್ನು ಚಕ್ರದ ಸದ್ದಿನಿಂದಲೇ ಕಲಿತ. ಚಕಮಕಿ ಕಲ್ಲಿನ ಕಟಕಟ ಬಂದರೆ ಏರು ಶುರುವಾಯಿತೆಂದು ಅರ್ಥ. ಬಿಳಿ ಸುಣ್ಣಮಣ್ಣು ಸದ್ದನ್ನು ನುಂಗಿಕೊಂಡರೆ ಗುಡ್ಡದ ನೆತ್ತಿ. ಹಪ್ಪಳ ಮುರಿದ ಹಾಗೆ ಜಲ್ಲಿ ಮಾತಾಡತೊಡಗಿದರೆ ರೈಲುಹಾದಿ ಬಂತು, ಇನ್ನು ಎದೆ ಸಡಿಲಬಿಟ್ಟು ತುಳಿಯಬಹುದು. ಪ್ರತಿ ಗುರುವಾರ ಹೋಗುತ್ತಿದ್ದರು. ಒಲೆಯ ಮುಂದಿನ ಕುರ್ಚಿಯಿಂದ ಅವನನ್ನು ಎಬ್ಬಿಸಿದ್ದು ಆ ಹಾದಿಯೇ.

ಇಪ್ಪತ್ತು ವರ್ಷಕ್ಕೂ ಮೇಲೆ ಹಾಗೆ ನಡೆಯಿತು. ಗುಡ್ಡದ ಒಡೆಯ ಮುದುಕ ಗಾಲ್ಪಿನ್ ಸತ್ತ. ಜಮೀನು ಕೊಂಡ ಹೊಸಬ ಹಾದಿಗೆ ಗೇಟು ಹಾಕಿ ಸರಪಳಿ ಬಿಗಿದ.

ಊರು ಎದ್ದು ನಿಂತಿತು. ಮುಂದಾಳತ್ವ ವಹಿಸಿದವನು ಕ್ಲೆಮೆಂಟ್ ಫುಕ್ಸ್, ಬೆರಿಲ್ ಅಡುಗೆ ಮಾಡುತ್ತಿದ್ದ ಶಾಲೆಯಲ್ಲೇ ಮೇಷ್ಟ್ರಾಗಿದ್ದು ನಿವೃತ್ತನಾದವನು. ಅವನು ಎಲ್ಲರನ್ನೂ ಕೂರಿಸಿಕೊಂಡು ಕಾನೂನು ಬಿಡಿಸಿ ಹೇಳಿದ: ಜನ ಇಪ್ಪತ್ತು ವರ್ಷ ಒಂದು ಹಾದಿಯಲ್ಲಿ ಓಡಾಡಿದ್ದರೆ ಅದು ಊರಿನ ಹಾದಿ. ಆದರೆ ಬೇಲಿ ಮುರಿದು ಹೋಗಿರಬಾರದು, ಕದ್ದು ಹೋಗಿರಬಾರದು, ಒಡೆಯನ ಅಪ್ಪಣೆ ಪಡೆದೂ ಹೋಗಿರಬಾರದು. ಅಪ್ಪಣೆ ಪಡೆದು ಹೋದವನು ಅತಿಥಿ. ಅತಿಥಿಗೆ ಹಕ್ಕು ಹುಟ್ಟುವುದಿಲ್ಲ. ಆ ಹಾದಿ ಬಳಸಿದ ಹಳಬರಲ್ಲಿ ಅನೇಕರು ಸತ್ತಿದ್ದರು, ಉಳಿದವರು ಅಲ್ಲಿ ಓಡಾಡತೊಡಗಿ ಹತ್ತು ವರ್ಷವಾಗಿರಲಿಲ್ಲ. ಇಪ್ಪತ್ತು ವರ್ಷ ಬಿಡದೆ ಓಡಾಡಿದ ಸಾಕ್ಷಿ ಎಂದರೆ ಬೆರಿಲ್ ಮತ್ತು ಲೆನ್.

"ನಮ್ಮ ಗೆಲುವು ನಿನ್ನ ಕೈಲಿದೆ ಬೆರಿಲ್," ಎಂದ ಕ್ಲೆಮೆಂಟ್. ಅವಳು ಮಾತಾಡಲಿಲ್ಲ. ಮಾತಾಡದಿರುವುದು ಅವಳ ಸ್ವಭಾವವಲ್ಲ ಎಂದು ಲೆನ್‌ಗೆ ಆಗಲೇ ಹೊಳೆಯಬೇಕಿತ್ತು.

ಸರ್ಕಾರದ ಅಧಿಕಾರಿ ನಡೆಸಲಿದ್ದ ವಿಚಾರಣೆಯ ಹಿಂದಿನ ದಿನ ಸಂಜೆ, ಬ್ರೆಡ್ಡು ಸುಡುತ್ತ, ಅವಳು ಹೇಳಿದಳು.

"ಲೆನ್, ಪ್ರತಿ ಜನವರಿ ಕಿತ್ತಳೆ ಮಾರ್ಮಲೇಡ್ ಮಾಡಿದಾಗ ಮೊದಲನೇ ಬಾಟಲಿ ಗಾಲ್ಪಿನ್‌ಗೆ ಕೊಟ್ಟು ಬರ್ತಿದ್ನಲ್ಲ?"

"ಹೌದು."

"ಆಗ ಕೇಳ್ತಿದ್ದೆ. ಈ ವರ್ಷಾನೂ ನಾವು ಹೋಗ್ಬಹುದಾ ಅಂತ."

"ಅವನೇನಂತಿದ್ದ?"

"ಹೋಗಮ್ಮ ಹೋಗು, ಅದನ್ನೇನು ಕೇಳ್ತೀಯ, ಅಂತಿದ್ದ."

"ಅವನು ಸತ್ತು ಮಣ್ಣಾಗಿದ್ದಾನೆ ಕಣೇ. ನೀನು ಹೇಳ್ದಿದ್ರೆ ಯಾರಿಗೂ ಗೊತ್ತಾಗಲ್ಲ."

"ನಾನಾಗಿ ಹೇಳಲ್ಲ. ಕೇಳಿದ್ರೆ?"

"ಕೇಳಿದ್ರೂ ಹೇಳ್ಬೇಡ." ಅವನ ದನಿ ಒಡೆಯಿತು. "ನಂಗೆ ಇನ್ನೇನಿದೆ ಬೆರಿಲ್? ಆ ಗುರುವಾರ ಒಂದು ಬಿಟ್ರೆ?"

ಅವಳು ಅವನ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಳು. ಬ್ರೆಡ್ಡು ಸೀದ ವಾಸನೆ ಬಂದರೂ ಇಬ್ಬರೂ ಅಲುಗಲಿಲ್ಲ.

ಮರುದಿನ ಊರಿನ ಸಭಾಂಗಣದಲ್ಲಿ ಹೊಸ ಒಡೆಯನ ವಕೀಲ ಸಲೀಸಾದ ದನಿಯಲ್ಲಿ ಕೇಳಿದ: "ಮಿಸೆಸ್ ಸ್ಟಿಕ್‌ಲ್ಯಾಂಡ್, ನೀವು ಯಾವತ್ತಾದ್ರೂ ಮಿಸ್ಟರ್ ಗಾಲ್ಪಿನ್ ಅವರ ಒಪ್ಪಿಗೆ ಕೇಳಿದ್ರಾ?"

ಅವಳ ಕೈಚೀಲದ ಕೊಂಡಿ ತೆರೆದು ಮುಚ್ಚಿದ್ದು ಲೆನ್‌ಗೆ ಕೇಳಿಸಿತು. ಮತ್ತೆ ತೆರೆದು ಮುಚ್ಚಿತು.

"ಕೇಳಿದ್ದೆ ಸರ್. ಪ್ರತಿ ವರ್ಷ. ಇನ್ನೊಬ್ಬರ ಜಮೀನು, ಕೇಳ್ದೆ ಹೋದ್ರೆ ಚೆನ್ನಾಗಿರಲ್ಲ ಅಲ್ವಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಯಾರೂ ನಗಲಿಲ್ಲ. ವಕೀಲ ಧನ್ಯವಾದ ಹೇಳಿ ಕೂತ.

ಬೇಸಿಗೆಯ ಹೊತ್ತಿಗೆ ತೀರ್ಪು ಬಂತು. ಡ್ರೋವ್ ಲೇನ್ ಊರಿನದಲ್ಲ. ಆ ಜನ ಬೈಯುವವರಲ್ಲ, ಯಾರೂ ಅವಳನ್ನು ಬೈಯಲಿಲ್ಲ. ಅವಳು ಅಂಗಡಿಗೆ ಕಾಲಿಟ್ಟರೆ ಮಾತು ಹವಾಮಾನದ ಕಡೆಗೆ ಹೊರಳುತ್ತಿತ್ತು, ಅಷ್ಟೇ. ಕ್ಲೆಮೆಂಟ್ ಮಾತ್ರ ಒಮ್ಮೆ ಬಾಗಿಲಲ್ಲಿ ನಿಂತು ಅಂದುಬಿಟ್ಟ: "ಒಂದು ಬಾಟಲಿ ಮಾರ್ಮಲೇಡಿಗೆ ಊರಿನ ಹಾದಿ ಮಾರಿಬಿಟ್ಯಲ್ಲ."

"ವರ್ಷಕ್ಕೊಂದು ಬಾಟಲಿ," ಎಂದಳು ಬೆರಿಲ್. ಬಾಗಿಲು ಹಾಕಿಕೊಂಡು ಬಂದು ಅತ್ತಳು.

ಹೊಸ ಒಡೆಯ, ಮೆಚ್ಚಿಕೊಂಡೋ ಮರುಗಿಯೋ, ಗೇಟಿನ ಬೀಗದ ಕೈಯೊಂದನ್ನು ಕಳಿಸಿದ: ಗಂಡ ಹೆಂಡತಿ ಇಬ್ಬರೂ ಓಡಾಡಿಕೊಂಡಿರಲಿ. ಅವಳು ವಂದನೆ ಹೇಳಿ ಹಿಂದಕ್ಕೆ ಕಳಿಸಿದಳು. ಊರಿಗೇ ಇಲ್ಲದ್ದು ನಮಗೆ ಯಾಕೆ ಎಂದಳು. ಲೆನ್ ಎರಡು ದಿನ ಅವಳೊಡನೆ ಮಾತು ಬಿಟ್ಟ. ಮೂರನೆಯ ದಿನ ಹೆದ್ದಾರಿಯಲ್ಲೇ ಹೋಗಿ ನೋಡೋಣ ಎಂದು ಹೊರಟರು. ಮೊದಲ ಲಾರಿ ಪಕ್ಕದಲ್ಲೇ ಗುಡುಗಿ ಹೋದಾಗ ಅದರ ಗಾಳಿಗೆ ಸೈಕಲ್ ಬೇಲಿಯ ಕಡೆಗೆ ವಾಲಿತು. ಬೆರಿಲ್ ಇಳಿದು ಮನೆಯವರೆಗೂ ತಳ್ಳಿಕೊಂಡು ಬಂದಳು. ಆ ಚಳಿಗಾಲ ಅವನು ಮತ್ತೆ ಒಲೆಯ ಮುಂದೆ ಕೂತ.

ವಸಂತ ಬಂದು ಹಾಥಾರ್ನ್ ಮುಳ್ಳುಬೇಲಿ ಹಸಿರಾದ ಮೇಲೆ, ಒಂದು ಗುರುವಾರ, ಅವಳು ಅವನ ಕೋಟು ತಂದು ಮಡಿಲಿಗೆ ಹಾಕಿದಳು. ಊರಿನ ಇನ್ನೊಂದು ಮಗ್ಗುಲಿಗೆ, ಹೆಸ್ಟರ್ ಡಿಬೆನ್ ಎಂಬಾಕೆಯ ಹೊಲಮನೆಯ ಅಂಗಳದ ಪಕ್ಕದಿಂದ ಬಂಡಿದಾರಿಯೊಂದು ಏರಿ, ಬಳಸಿಕೊಂಡು, ಕೊನೆಗೆ ಅದೇ ರೈಲುಹಾದಿಯನ್ನು ಸೇರುತ್ತದೆ. ಕಡಿದಾದ ಏರು, ಮೊಣಕಾಲು ಮುಟ್ಟುವ ಕೆಸರು. ಹಾಗಾಗಿ ಅತ್ತ ಯಾರೂ ಸುಳಿಯುತ್ತಿರಲಿಲ್ಲ.

"ಹೆಸ್ಟರ್‌ನ ಕೇಳಿದ್ಯಾ?"

"ಇಲ್ಲ."

"ಬೆರಿಲ್, ನಿಜವಾಗ್ಲೂ ಕೇಳಿಲ್ವಾ?"

"ಕೇಳಿಲ್ಲ ಅಂದ್ನಲ್ಲ! ಸುಮ್ನೆ ತುಳಿ."

ಅಂಗಳದಲ್ಲಿ ಹೆಸ್ಟರ್ ಬಕೆಟ್ಟು ಹಿಡಿದು ನಿಂತಿದ್ದಳು. ವಿಚಾರಣೆಯ ದಿನ ಅವಳೂ ಆ ಸಭಾಂಗಣದಲ್ಲಿದ್ದವಳೇ. ಬೆರಿಲ್ ಬ್ರೇಕು ಹಿಡಿದದ್ದು ಲೆನ್‌ಗೆ ಗೊತ್ತಾಯಿತು. ಜೀವಮಾನದ ಅಭ್ಯಾಸ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವಳು ಅದನ್ನು ನುಂಗಿ, "ಗಾಳಿ ಜೋರಾಗಿದೆ ಅಲ್ವಾ," ಎಂದಳು.

"ಜೋರಾಗಿದೆ," ಎಂದಳು ಹೆಸ್ಟರ್.

ಗುಡ್ಡದ ಮೇಲೆ ನಿಂತು ಸುಧಾರಿಸಿಕೊಳ್ಳುವಾಗ ಲೆನ್ ಹೇಳಿದ: "ಈ ಹಾದೀಲಿ ನಾವು ಓಡಾಡಿ ಇಪ್ಪತ್ತು ವರ್ಷ ಆಗೋ ಹೊತ್ತಿಗೆ ನಿಂಗೆ ತೊಂಬತ್ತು ದಾಟಿರತ್ತೆ."

"ನಂಗೆ ಬೇಕು ಅಂತ ಯಾರಂದ್ರು? ಯಾರೋ ಒಬ್ರು ಶುರು ಮಾಡ್ಬೇಕಲ್ಲ."

ಆಮೇಲೆ ಒಬ್ಬೊಬ್ಬರಾಗಿ ಊರಿನವರು ಜೊತೆಯಾದರು. ಮೊದಲು ಬಂದವನು ಕ್ಲೆಮೆಂಟ್. ತನ್ನ ಸೈಕಲ್ ತಂದು ಹಿಂದೆ ಹಿಂದೆ ತುಳಿದುಕೊಂಡು ಬಂದ. ಜನವರಿಯಲ್ಲಿ ಬೆರಿಲ್ ಮಾರ್ಮಲೇಡ್ ಮಾಡಿದಳು, ಹೆಸ್ಟರ್‌ಗೆ ಮಾತ್ರ ಕೊಡಲಿಲ್ಲ. ಕೈಯಲ್ಲಿ ಬಾಟಲಿ ಇದ್ದರೆ ಬಾಯಿ ತಾನಾಗಿ ಕೇಳಿಬಿಡುತ್ತದೆ ಎಂದು ಅವಳಿಗೆ ಭಯ. ಒಳ್ಳೆಯ ನೆರೆಯವಳಿಗೆ ಹೀಗೆ ಮುಖ ತಿರುಗಿಸುವಂತಾಯಿತಲ್ಲ ಎಂದು ಕೊರಗುತ್ತಿದ್ದಳು. ಊರಿನ ಹಾದಿಗಾಗಿ ಅವಳು ಬಿಟ್ಟುಕೊಟ್ಟದ್ದು ತನ್ನ ಆ ಸೌಜನ್ಯವನ್ನು. ಅದಕ್ಕಿಂತ ದೊಡ್ಡದು ಅವಳ ಬಳಿ ಇರಲಿಲ್ಲ.

ಹಾಗೆ ಮೂರು ಚಳಿಗಾಲ ಕಂಡಳು. ಮೂರನೆಯದು ಮುಗಿಯಲಿಲ್ಲ.

ಮಣ್ಣು ಮಾಡಿ ಬಂದ ವಾರದಲ್ಲೇ, ಗುರುವಾರ, ಕ್ಲೆಮೆಂಟ್ ಬಂದು ಬಾಗಿಲು ತಟ್ಟಿದ. "ಮುಂದೆ ನಾನು ಕೂತ್ಕೋತೀನಿ," ಎಂದ. ಅವನು ಬೆರಿಲ್‌ಗಿಂತ ಭಾರ. ಸೈಕಲ್ಲಿನ ತೂಕವೇ ಬೇರೆಯಾಗಿತ್ತು. ಲೆನ್ ಹಿಂದಿನ ಸೀಟಿಗೆ ಹತ್ತಿದ.

ಹೊಲಮನೆಯ ಅಂಗಳದ ಬಳಿ ಹೆಸ್ಟರ್ ಕಾಯುತ್ತಿದ್ದಳು. ಅವಳ ಬೂಟು ಕೆಸರಿನಿಂದ ಕಿತ್ತು ಬರುವ ಸದ್ದು ಹತ್ತಿರವಾಯಿತು. ಸೈಕಲ್ ನಿಂತಿತು.

"ಲೆನ್," ಎಂದಳು. ಅತ್ತು ದನಿ ದಪ್ಪವಾಗಿತ್ತು. "ಬೆರಿಲ್ ಹೋದ ಮೇಲೆ ಯೋಚ್ನೆ ಮಾಡ್ದೆ. ಅವಳ ನೆನಪಿಗೆ, ನೀವೆಲ್ಲ ಯಾವಾಗ ಬೇಕಾದ್ರೂ ಈ ದಾರೀಲಿ..."

ಲೆನ್ ಗಾಳಿಯಲ್ಲಿ ಕೈ ಚಾಚಿದ. ಅವಳ ತೋಳು ಸಿಕ್ಕಿತು, ಗಟ್ಟಿಯಾಗಿ ಹಿಡಿದುಕೊಂಡ.

"ಬೇಡ ಹೆಸ್ಟರ್. ದಯವಿಟ್ಟು. ಹೇಳ್ಬೇಡ."

ಕೊಟ್ಟಿಗೆಯಲ್ಲಿ ಹಸುವೊಂದು ಕೆಮ್ಮಿತು. ಅವಳಿಗೆ ಅರ್ಥವಾಗುವವರೆಗೂ ಅವನು ತೋಳು ಬಿಡಲಿಲ್ಲ.

"ಮೇಲ್ಗಡೆ ಕೆಸರು ಜಾಸ್ತಿ ಇದೆ," ಎಂದಳು ಹೆಸ್ಟರ್ ಕೊನೆಗೆ.

"ಆಗ್ಲಿ," ಎಂದ ಲೆನ್.

ಅರ್ಧ ಏರು ಹತ್ತಿದ ಮೇಲೆ ಕ್ಲೆಮೆಂಟ್ ಏದುಸಿರಿನ ನಡುವೆ ಕೇಳಿದ: "ಮುಂದೆ ಯಾರಾದ್ರೂ ನನ್ನನ್ನ ನಿಲ್ಲಿಸಿ ಕೇಳಿದ್ರೆ? ಹೆಸ್ಟರ್ ಏನಂದ್ಲು ಅಂತ?"

"ಇದ್ದದ್ದನ್ನೇ ಹೇಳು."

"ಕೆಸರಿದೆ ಅಂದ್ಲು."

"ಹ್ಞೂಂ," ಎಂದು ಲೆನ್ ತುಳಿದ.