ಎದುರುಮನೆಯ ಬಾಗಿಲು ಇಲ್ಲವಾದದ್ದು

ತರೀಕೆರೆಯಲ್ಲಿ ಅಕ್ಕನ ಮಗನ ಗೃಹಪ್ರವೇಶ ಮುಗಿಸಿಕೊಂಡು ನಾಲ್ಕು ದಿನದ ಮೇಲೆ ಬಂದು, ಅಜ್ಜಂಪುರದ ನಮ್ಮ ಮನೆಯ ಮುಂದೆ ಅಮ್ಮನನ್ನು ಆಟೋದಿಂದ ಇಳಿಸುತ್ತಿದ್ದೆ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಆಟೋದೊಳಗೆ ಇರುವಾಗಲೇ ಅಮ್ಮ ಹಾಗೇ ನಿಂತುಬಿಟ್ಟಳು. ಮಂಡಿ ಹಿಡಿದುಕೊಂಡಿತೇನೋ ಎಂದು ನಾನು ಬಗ್ಗಿದೆ. ಅವಳು ನನ್ನ ತಲೆಯ ಮೇಲಿಂದ ರಸ್ತೆಯಾಚೆ ನೋಡುತ್ತಿದ್ದಳು. ನಾನೂ ತಿರುಗಿ ನೋಡಿದೆ.

ಎದುರುಮನೆಗೆ ಬಾಗಿಲಿರಲಿಲ್ಲ.

ಬಾಗಿಲು ಮುಚ್ಚಿತ್ತು ಎಂದಲ್ಲ, ಬಾಗಿಲೇ ಇರಲಿಲ್ಲ. ನಾವು ಊರು ಬಿಡುವಾಗ ಹಸಿರು ಬಣ್ಣದ ಜೋಡಿ ಬಾಗಿಲು, ಅರಿಶಿನ ಬಳಿದ ಹೊಸ್ತಿಲು, ಒಣಗಿದ ಮಾವಿನ ತೋರಣ ಇದ್ದ ಜಾಗದಲ್ಲಿ ಈಗ ಸಿಮೆಂಟ್ ಇಟ್ಟಿಗೆಯ ಗೋಡೆ. ಗಾರೆ ಇನ್ನೂ ಹಸಿಹಸಿ. ಕೆಳಗಿನ ಮೂರು ಮೆಟ್ಟಿಲು ಮಾತ್ರ ಉಳಿದಿದ್ದವು. ಹತ್ತಿದರೆ ಮೂಗು ನೇರ ಗೋಡೆಗೆ.

"ಏನ್ ಸಾರ್, ರಾಂಗ್ ಅಡ್ರೆಸ್ಸಾ?" ಎಂದ ಆಟೋದವನು, ನಮ್ಮಿಬ್ಬರ ಮುಖ ನೋಡಿ.

ಅವನಿಗೆ ಹೇಗೆ ತಿಳಿಸುವುದು? ನಮ್ಮದು ಎಂಟು ಮನೆಗಳ ಸಣ್ಣ ಬಡಾವಣೆ. ಅಜ್ಜಂಪುರ ತಾಲ್ಲೂಕು ಕೇಂದ್ರವಾದ ಮೇಲೆ ನಮಗೂ ಅಡ್ಡರಸ್ತೆಯ ನಂಬರು ಬಂದು, ಅದರ ಜೊತೆ ಸ್ವಲ್ಪ ಗಾಂಭೀರ್ಯವೂ ಬಂದಿದೆ. ಆದರೆ ಈ ಬಡಾವಣೆಯ ನಿಜವಾದ ಆಡಳಿತ ನಡೆಯುತ್ತಿದ್ದುದು ನಮ್ಮ ಬಾಗಿಲಿಗೂ ಎದುರಿನ ಬಾಗಿಲಿಗೂ ನಡುವೆ. ಈ ಕಡೆ ಕುರ್ಚಿಯಲ್ಲಿ ಅಮ್ಮ, ಆ ಕಡೆ ಕುರ್ಚಿಯಲ್ಲಿ ಎದುರುಮನೆ ಅಜ್ಜಿ. ಇಬ್ಬರಿಗೂ ಮಂಡಿ ಇಲ್ಲ, ಇಬ್ಬರಿಗೂ ಬಾಯಿ ಇದೆ. ಪಕ್ಕದಲ್ಲಿ ನಿಂತು ನಾನು ಕೂಗಿದರೂ ಕೇಳಿಸದ ಅಮ್ಮನಿಗೆ ರಸ್ತೆಯಾಚೆಯ ಅಜ್ಜಿಯ ಮಾತು ಮಾತ್ರ ಲೀಲಾಜಾಲವಾಗಿ ಕೇಳಿಸುತ್ತಿತ್ತು.

"ಏನೇ ಸಾರು?" ಆ ಕಡೆಯಿಂದ ಅಜ್ಜಿ.

"ಹುರುಳಿಕಾಳು ಕಣಕ್ಕ."

"ನಿನ್ನೆದೇ ಇನ್ನೂ ಖರ್ಚಾಗ್ಲಿಲ್ವಾ? ನಿನ್ ಮಗ ಉಣ್ಣಲ್ವೇನೇ?"

ನಡುವೆ ಬೈಕು, ಮೇಕೆ, ತೆಂಗಿನಕಾಯಿ ಟೆಂಪೋ ಏನು ಹಾದುಹೋದರೂ ಇಬ್ಬರೂ ಮಾತು ನಿಲ್ಲಿಸಿ ಕಾಯುತ್ತಿದ್ದರು. ಅದು ಹೋದ ಕೂಡಲೇ ಅರ್ಧಕ್ಕೆ ಬಿಟ್ಟ ಪದದಿಂದಲೇ ಮತ್ತೆ ಶುರು.

ಆ ಸಂಜೆಯೇ ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಮನಸ್ಸಿನಲ್ಲಿ ಒಂದು ಖಡಕ್ ಭಾಷಣ ಸಿದ್ಧಮಾಡಿಕೊಂಡು ಎದುರುಮನೆಗೆ ಹೊರಟೆ. ರೈಲ್ವೆಯಲ್ಲಿ ಟಿಕೆಟ್ ಕೊಡುತ್ತ ಮುದುಕನಾದವನಿಗೆ ಖಡಕ್ಕಾಗಿ ಮಾತಾಡುವ ಅಭ್ಯಾಸವಿದೆ. ಆದರೆ ಬಾಗಿಲನ್ನು ಹುಡುಕುವುದರಲ್ಲೇ ಅರ್ಧ ಭಾಷಣ ಮರೆತುಹೋಯಿತು. ಅದು ಮೂಲೆಮನೆ. ತಿರುವು ದಾಟಿ, ಚರಂಡಿಯ ಚಪ್ಪಡಿ ದಾಟಿ, ಪಕ್ಕದ ಅಡ್ಡರಸ್ತೆಗೆ ಹೋದರೆ ಅಲ್ಲಿತ್ತು ನಮ್ಮ ಹಸಿರು ಬಾಗಿಲು, ಯಾರದೋ ಮನೆಗೆ ದತ್ತು ಹೋದ ಮಗುವಿನ ಹಾಗೆ.

"ಬನ್ನಿ ಸಾರ್, ಬನ್ನಿ! ಹೊಸ ಬಾಗ್ಲಲ್ಲಿ ನೀವೇ ಫಸ್ಟು!" ಎಂದು ಅಜ್ಜಿಯ ಮಗ ಸಂಭ್ರಮಪಟ್ಟ. ಗೊಬ್ಬರದ ಅಂಗಡಿ ಇಟ್ಟಿರುವ ಸಾಧು ಮನುಷ್ಯ. "ನಮ್ ಹುಡ್ಗಂಗೆ ಎಲ್ಲಿ ಹೋದ್ರೂ ಹೆಣ್ಣು ಕೂಡ್ತಾ ಇಲ್ಲ ನೋಡಿ. ಕಡೂರಿಂದ ವಾಸ್ತುನೋರ್ನ ಕರ್ಸಿದ್ವಿ. ಬಾಗ್ಲಿಗೆ ಬಾಗ್ಲು ಎದುರಾದ್ರೆ ಈ ಮನೆ ಒಳ್ಳೇದೆಲ್ಲ ಆ ಮನೆ ಎಳ್ಕಂಡ್ಬಿಡುತ್ತಂತೆ. ನಿಮ್ ಮೇಲೆ ನಮಗೇನೂ ಬೇಜಾರಿಲ್ಲ ಸಾರ್. ನೀವೇನು ಬೇಕಂತ ಎಳ್ಕಂಡಿಲ್ವಲ್ಲ!"

ಹೀಗೆ ನನಗೆ ಕ್ಷಮಾದಾನವಾಯಿತು. ಎದುರುಮನೆಯ ಮದುವೆಯ ಯೋಗವನ್ನೆಲ್ಲ ಇಷ್ಟು ವರ್ಷ ಹೀರಿಕೊಂಡ ಮನೆಯಲ್ಲಿ ನಾನು ಅರವತ್ತು ದಾಟಿದ ಬ್ರಹ್ಮಚಾರಿ. ಹೀರಿದ್ದು ಎಲ್ಲಿ ಹೋಯಿತು ಎಂದು ಆ ಕಡೂರಿನವರನ್ನೇ ಕೇಳಬೇಕು. ಅದಿರಲಿ, ಈ ಇಬ್ಬರು ಮುದುಕಿಯರು ಇನ್ನು ಮಾತಾಡುವುದು ಹೇಗೆ ಎಂದೆ.

"ನಿಮ್ಮ ತಾಯೋರೇ ಒಪ್ಕಂಡಿದ್ರಲ್ಲ ಸಾರ್?"

ಅವನು ಕೊಟ್ಟ ಕಾಫಿಯನ್ನು ಅರ್ಧಕ್ಕೇ ಕೆಳಗಿಟ್ಟೆ. ಗೋಡೆ ನೋಡಿದಾಗ ಆದ ಗಾಬರಿ ಇದರ ಮುಂದೆ ಏನೂ ಅಲ್ಲ.

ಮನೆಗೆ ಬಂದು ಅಮ್ಮನ ಕಿವಿಯ ಹತ್ತಿರ ಬಗ್ಗಿ ಕೇಳಿದೆ.

"ಹೂಂ ಕಣೋ. ಏನ್ ಮಾಡಾಣ ಹೇಳೇ ಅಂತ ಅವ್ಳೇ ಕೇಳಿದ್ಲು. ಮಗೀಗೊಂದು ಮದ್ವೆ ಆಗ್ಲಿ, ತೆಗ್ಸಕ್ಕ ಬಾಗ್ಲು, ಅಂದೆ."

"ನನಗೆ ಕೇಳಿಸ್ಲೇ ಇಲ್ವಲ್ಲ?"

"ನೀನು ಕಟಿಂಗಿಗೆ ಹೋಗಿದ್ದೆ."

ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು: "ಒಂದೀಟು ಆ ಕಡಿಕೆ ಸರಿಸ್ತಾರೆ ಅನ್ಕಂಡಿದ್ದೆ. ಹಿಂಗೆ ಗೋಡೆನೇ ಹಾಕ್ತಾರೆ ಅಂತ ಯಾರಿಗ್ ಗೊತ್ತಿತ್ತು?"

ಮಾರನೆಯ ಬೆಳಿಗ್ಗೆ ಕುರ್ಚಿಯನ್ನು ಹೊರಗಿಡಲು ಹೋದರೆ ಬೇಡವೆಂದಳು. ನಡುಮನೆಯಲ್ಲಿ, ಆರಿಸಿದ ಟಿವಿಯ ಎದುರು ಕೂತಳು. ಒಂದು ಮುದ್ದೆ ಉಣ್ಣುತ್ತಿದ್ದವಳು ಅರ್ಧಕ್ಕೆ ಏಳತೊಡಗಿದಳು. ಅಜ್ಜಿಗೆ ಫೋನು ಹಚ್ಚಿ ಕೊಟ್ಟೆ. ಇಬ್ಬರೂ ಒಂದಿಷ್ಟು ಹೊತ್ತು "ಹಲೋ, ಹಲೋ" ಎಂದು ಒಬ್ಬರನ್ನೊಬ್ಬರು ಗದರಿಸಿಕೊಂಡರು. "ಮುಖ ಕಾಣ್ದೆ ಏನಂತ ಮಾತಾಡದು?" ಎಂದು ಅಮ್ಮ ಫೋನನ್ನು ನನ್ನ ಕೈಗೆ ಹಾಕಿದಳು. ಒಂದು ಗೋಡೆ, ಅದೂ ಬೇರೆಯವರ ಮನೆಯ ಗೋಡೆ, ನಮ್ಮ ಮನೆಯೊಳಗೆ ಇಷ್ಟು ದೂರ ಬರಬಹುದೆಂದು ನಾನು ಎಣಿಸಿರಲಿಲ್ಲ. ನಿಜವಾಗಿ ಹೆದರಿದೆ.

ವಾರ ಕಳೆದಿರಬೇಕು. ಬೆಳಿಗ್ಗೆ ಗೇಟಿನ ಹತ್ತಿರ ಏನೋ ಟಕಟಕ ಸದ್ದು. ನೋಡಿದರೆ ಎದುರುಮನೆ ಅಜ್ಜಿ! ವರ್ಷಗಳಿಂದ ತನ್ನ ಮೆಟ್ಟಿಲು ಇಳಿಯದ ಅಜ್ಜಿ, ನಾಲ್ಕು ಕಾಲಿನ ಊರುಗೋಲನ್ನು ಮುಂದೆ ಮುಂದೆ ಇಡುತ್ತ, ತಿರುವು ದಾಟಿ, ಆ ಚರಂಡಿಯ ಚಪ್ಪಡಿಯನ್ನೂ ದಾಟಿ, ಒಬ್ಬಳೇ ಬಂದಿದ್ದಾಳೆ! ಓಡಿಹೋಗಿ ತೋಳು ಹಿಡಿದೆ.

"ಬಿಡೋ, ನೀನ್ ಹಿಡಿದ್ರೇ ಬೀಳ್ತೀನಿ. ಎಲ್ಲವ್ಳೆ ಅವ್ಳು? ಸತ್ಲಾ?"

"ಇನ್ನೂ ಇಲ್ಲ ಕಣಕ್ಕ!" ಎಂದು ನಡುಮನೆಯಿಂದ ಕೂಗು ಬಂತು. "ನಿನ್ ಮೊಮ್ಮಗನ ಮದ್ವೆ ಊಟ ಉಂಡೇ ಸಾಯದು!"

ಎರಡು ಕುರ್ಚಿಗಳನ್ನು ನಮ್ಮ ಬಾಗಿಲಲ್ಲಿ ಹಾಕಿದೆ. ಬಾಗಿಲು ಹೋದ ಮೇಲೆ ಅಜ್ಜಿ ಮೊದಲ ಸಲ ತನ್ನ ಮನೆಯನ್ನು ಈ ಕಡೆಯಿಂದ ನೋಡಿದಳು. "ಥೂ, ಗೊಬ್ಬರದ ಗೋಡೌನ್ ಆದಂಗಾಗೈತಲ್ಲೇ!" ಎಂದಳು. ಅಷ್ಟರಲ್ಲಿ ಅವಳ ಮಗ ಬರಿಗಾಲಲ್ಲಿ, ಬಿಳಿಚಿಕೊಂಡ ಮುಖದಲ್ಲಿ ಓಡಿಬಂದ. "ಯಾಕೋ ಹಂಗ್ ನೋಡ್ತೀಯ? ಹೊತ್ ಮುಳುಗೋವಾಗ ಬಂದು ಕರ್ಕಂಡೋಗು. ದಿನಾ ಹಿಂಗೇ," ಎಂದಳು. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಆ ವಿಷಯ ಅಲ್ಲಿಗೇ ತೀರ್ಮಾನವಾಯಿತು.

ನಾನು ಒಳಗೆ ಪೇಪರು ಹಿಡಿದು ಕೂತು, ಬಡಾವಣೆಯ ಸುದ್ದಿಗೆ ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ. ಏನಾಯಿತೋ ಎಂದು ಇಣುಕಿದರೆ, ಇಬ್ಬರೂ ತಲೆಗೆ ತಲೆ ತಾಗಿಸಿ ಪಿಸುಗುಟ್ಟುತ್ತಿದ್ದಾರೆ! ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಾಳೆ. ಕುರ್ಚಿಯನ್ನು ಮೆಲ್ಲಗೆ ಕಿಟಕಿಯ ಹತ್ತಿರಕ್ಕೆ ಎಳೆದೆ. ಕಿವುಡಿ ಅಮ್ಮ ತಟ್ಟನೆ ತಿರುಗಿದಳು.

"ಏನೋ ಅಲ್ಲಿ ನಿಂದು? ಹೋಗು, ಅಕ್ಕಂಗೆ ಕಾಫಿ ಇಡು."